ಒಬ್ಬನೇ 5 ನಿಮಿಷದ ಅನಿಮೇಷನ್ ಕಿರುಚಿತ್ರ ಮಾಡಬೇಕು. ಯಾವ ಸಾಫ್ಟ್‌ವೇರ್ ಕಲಿಯಲಿ? 2ಡಿ ಒಳ್ಳೆಯದಾ, 3ಡಿ ಒಳ್ಳೆಯದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಗು ಬಂದದ್ದು ನನ್ನನ್ನು ನೆನೆಸಿಕೊಂಡು. ಆರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಸಿಕ್ಕಸಿಕ್ಕವರಿಗೆಲ್ಲ ಕೇಳಿಕೊಂಡು ಓಡಾಡಿದ್ದೆ. ನನ್ನದೂ 5 ನಿಮಿಷದ ಚಿತ್ರವೇ. ಒಬ್ಬನೇ, ಅದೂ ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು. ಸಾಫ್ಟ್‌ವೇರ್ ಯಾವುದು ಅಂತ ಗೊತ್ತಾಗಿಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಅಂತ ನಂಬಿದ್ದೆ.

ಕಥೆ ಇಷ್ಟೇ. ಒಬ್ಬ ಮುದುಕ ದರ್ಜಿ. ಒಂದು ರಾತ್ರಿ ಅವನ ನೆರಳು ಅವನನ್ನು ಬಿಟ್ಟು ಎದ್ದು ಹೋಗುತ್ತದೆ. ಮಾತಿಲ್ಲ. ಕೈಯಲ್ಲಿ ಬರೆಯುವ 2ಡಿ. 64 ಚೌಕದ ಸ್ಟೋರಿಬೋರ್ಡ್, ಅಂದರೆ ಇಡೀ ಕಥೆಯನ್ನು ಸಾಲುಸಾಲು ಚೌಕಗಳಲ್ಲಿ ಕಚ್ಚಾ ಚಿತ್ರವಾಗಿ, ಬರೆದು ಗೋಡೆಗೆ ಅಂಟಿಸಿದೆ. ದಿನಾ ಅದರ ಮುಂದೆ ನಿಂತು ಎಡದಿಂದ ಬಲಕ್ಕೆ ನೋಡುತ್ತಿದ್ದೆ. ತಲೆಯೊಳಗೆ ಚಿತ್ರ ಓಡುತ್ತಿತ್ತು. ಎಂಥಾ ಚಿತ್ರ ಅಂತೀರಿ!

ಆಮೇಲೆ ನೇರವಾಗಿ ಒಂದನೇ ಶಾಟ್‌ನ ಅನಿಮೇಷನ್‌ಗೆ ಕೂತೆ. ದೀಪದ ಬೆಳಕಲ್ಲಿ ದರ್ಜಿ ಸೂಜಿಗೆ ದಾರ ಪೋಣಿಸುತ್ತಾನೆ. ಹಿಂದಿನ ಗೋಡೆಯ ಮೇಲೆ ನೆರಳೂ ಪೋಣಿಸುತ್ತದೆ. ಮೂರು ಸಲ ತಪ್ಪುತ್ತದೆ, ನಾಲ್ಕನೇ ಸಲ ದಾರ ಒಳಗೆ ಹೋಗುತ್ತದೆ. 22 ಸೆಕೆಂಡ್. ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಸ್ಥಿರಚಿತ್ರ. ಕೈಯಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ, ‘ಆನ್ ಟೂಸ್’ ಅನ್ನುವುದು ಇದಕ್ಕೇ. ಹಾಗಾದರೂ ಸೆಕೆಂಡಿಗೆ 12 ಚಿತ್ರ ಬೇಕು. 22 ಸೆಕೆಂಡಿಗೆ 264. ದರ್ಜಿ ಒಂದು ಲೇಯರ್ (ಪದರ), ನೆರಳು ಇನ್ನೊಂದು. ಅಲ್ಲಿಗೆ 528. ಮೊದಲು ಚಲನೆಯ ಮುಖ್ಯ ಭಂಗಿಗಳ ಕೀ ಚಿತ್ರಗಳು, ಆಮೇಲೆ ಅವುಗಳ ನಡುವೆ ತುಂಬುವ ಇನ್‌ಬಿಟ್ವೀನ್‌ಗಳು, ಆಮೇಲೆ ಕಚ್ಚಾ ಗೆರೆ ತಿದ್ದಿ ಅಚ್ಚುಕಟ್ಟು ಮಾಡುವ ಕ್ಲೀನಪ್, ಆಮೇಲೆ ಬಣ್ಣ. ನಾಲ್ಕು ತಿಂಗಳು ಹಿಡಿಯಿತು.

ಮುಂದಿನ ಹತ್ತು ಹದಿನೈದು ಶಾಟ್ ಕಚ್ಚಾ ಗೆರೆಯಲ್ಲಿ ಮಾಡಿ, ಎಲ್ಲ ಜೋಡಿಸಿ, ಒಬ್ಬ ಗೆಳೆಯನಿಗೆ ತೋರಿಸಿದೆ. ಒಂದನೇ ಶಾಟ್ ಅರ್ಧ ಮುಗಿಯುವುದರೊಳಗೆ ಅವನು ಜೇಬಿನಿಂದ ಫೋನ್ ತೆಗೆದ.

ಇಲ್ಲಿ ಸ್ವಲ್ಪ ಎಳೆದು ಹೇಳುತ್ತೇನೆ, ಸಹಿಸಿಕೊಳ್ಳಿ. ನಾನು ಸ್ಟೋರಿಬೋರ್ಡ್ ಮಾಡಿದ್ದೆ, ಅದೇ ಚೌಕಗಳಿಗೆ ಸಮಯ ಕೊಟ್ಟು ವಿಡಿಯೊ ಹಾಗೆ ಓಡಿಸಿ ನೋಡುವ ಅನಿಮ್ಯಾಟಿಕ್ ಮಾಡಿರಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ. ಒಂದೇ ಅಲ್ಲ. ಗೋಡೆ ಮೇಲಿನ ಚೌಕಕ್ಕೆ ಇಷ್ಟು ಹೊತ್ತು ಅಂತ ಲೆಕ್ಕ ಇರುವುದಿಲ್ಲ. ಅದರ ಮುಂದೆ ನಿಂತವನ ಕಣ್ಣು ಇಷ್ಟವಾದ ಕಡೆ ನಿಲ್ಲುತ್ತದೆ, ಬೇಜಾರಾದ ಕಡೆ ಜಾರಿ ಮುಂದೆ ಹೋಗುತ್ತದೆ. ನಾನು ದಿನಾ ಒಂದನೇ ಚೌಕವನ್ನು ಒಂದೇ ಸೆಕೆಂಡ್ ನೋಡುತ್ತಿದ್ದೆ. ಅದನ್ನೇ 22 ಸೆಕೆಂಡ್ ನೋಡಿ ಅಂತ ಬೇರೆಯವರನ್ನು ಕೂರಿಸಿದೆ!

22 ಅನ್ನೋ ಅಂಕಿ ಎಲ್ಲಿಂದ ಬಂತು ಅಂತ ಕೇಳಿ. ನಾನೇ ಸೂಜಿ ದಾರ ಹಿಡಿದು, ಸ್ಟಾಪ್‌ವಾಚ್ ಇಟ್ಟುಕೊಂಡು, ಮೂರು ಸಲ ತಪ್ಪಿಸಿ ನಾಲ್ಕನೇ ಸಲ ಪೋಣಿಸಿ ಅಳೆದಿದ್ದೆ. ಅಳತೆ ಸರಿಯಾಗಿಯೇ ಇತ್ತು. ಆದರೆ ‘ಮುದುಕ, ದರ್ಜಿ, ಕಣ್ಣು ಮಂಜು, ಗೋಡೆ ಮೇಲೆ ನೆರಳು’ ಇಷ್ಟು ತಿಳಿಯಲು ನೋಡುವವರಿಗೆ ನಾಲ್ಕೈದು ಸೆಕೆಂಡ್ ಸಾಕು. ಉಳಿದದ್ದರಲ್ಲಿ ಹೊಸದೇನೂ ಇರಲಿಲ್ಲ.

ಅನಿಮ್ಯಾಟಿಕ್ ಅಂದರೆ ದೊಡ್ಡ ವಿದ್ಯೆ ಅಲ್ಲ. ಅದೇ 64 ಚೌಕಗಳ ಫೋಟೊ ತೆಗೆದು, ಯಾವುದಾದರೂ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಇಷ್ಟು ಸೆಕೆಂಡ್ ಅಂತ ಕೊಟ್ಟು, ಕೆಳಗೆ ಕಚ್ಚಾ ಸದ್ದು ಹಾಕುವುದು. ಬಾಗಿಲು ಕಿರುಗುಟ್ಟುವುದು, ಗಾಳಿ, ಎಲ್ಲವನ್ನೂ ಬಾಯಲ್ಲೇ ಮಾಡಿ ರೆಕಾರ್ಡ್ ಮಾಡಿದರಾಯಿತು. ನನಗೆ ಎರಡು ಸಂಜೆಯ ಕೆಲಸ. ಎರಡು ಸಂಜೆ ಉಳಿಸಲು ಹೋಗಿ ನಾಲ್ಕು ತಿಂಗಳು ಕಳೆದೆ.

ನಾಲ್ಕಕ್ಕೇ ನಿಂತಿದ್ದರೆ ಬೇರೆ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಅಷ್ಟು ಬೆವರು ಸುರಿಸಿದ ಶಾಟನ್ನು ಕತ್ತರಿಸಲು ಮನಸ್ಸೇ ಬರಲಿಲ್ಲ. ಅದು ನಿಧಾನ ಅನ್ನಿಸಬಾರದು ಅಂತ ಮುಂದಿನ ಶಾಟ್‌ಗಳನ್ನೂ ನಿಧಾನ ಮಾಡಿದೆ. ಸಂಗೀತ ಮಾಡುವ ಇನ್ನೊಬ್ಬ ಗೆಳೆಯನ ಕೈಲಿ 22 ಸೆಕೆಂಡಿಗೆ ಸರಿಯಾಗಿ ಒಂದು ಟ್ಯೂನ್ ಬೇರೆ ಮಾಡಿಸಿದೆ. ಹೀಗೆ ಇನ್ನೂ ಏಳು ತಿಂಗಳು. ಕೊನೆಗೆ ಆ ಶಾಟನ್ನು 5 ಸೆಕೆಂಡಿಗೆ ಇಳಿಸಿದೆ. 528ರಲ್ಲಿ ಉಳಿದದ್ದು 120 ಚಿತ್ರ. ಒಂದನ್ನು ಇಳಿಸಿದ ಮೇಲೆ ಉಳಿದವನ್ನೂ ಇಳಿಸಲೇಬೇಕಾಯಿತು. ಚಿತ್ರ ಮುಗಿದಾಗ ಮೂರು ನಿಮಿಷ ಚಿಲ್ಲರೆ ಇತ್ತು. ಟ್ಯೂನ್ ಮಾಡಿದವನು ಎಷ್ಟೋ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ನಿಮ್ಮ ವಿಷಯ. ಸಾಫ್ಟ್‌ವೇರ್ ಪ್ರಶ್ನೆಯನ್ನು ಸದ್ಯಕ್ಕೆ ಬಿಡಿ. ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಜ್ ಮೂರೂ ಉಚಿತ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ ಸಿನಿಮಾ ಬ್ಲೆಂಡರ್‌ನಲ್ಲೇ ಆದದ್ದು. ನಿಮ್ಮನ್ನು ತಡೆಯುವುದು ಸಾಫ್ಟ್‌ವೇರ್ ಅಲ್ಲ. 2ಡಿ ಸುಲಭ, 3ಡಿ ಕಷ್ಟ ಅನ್ನುವುದೂ ಸುಮ್ನೆ ಮಾತು. 3ಡಿಯಲ್ಲಿ ಪಾತ್ರದ ಮಾಡೆಲ್, ಅದನ್ನು ಅಲುಗಾಡಿಸಲು ಒಳಗೆ ಕೂರಿಸುವ ಮೂಳೆಗೂಡಿನಂಥ ರಿಗ್ ಅಂತ ಕಷ್ಟವೆಲ್ಲ ಮೊದಲೇ ಬರುತ್ತದೆ. 2ಡಿಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಬರುತ್ತದೆ. ಯಾವ ತರಹದ ಕಷ್ಟವನ್ನು ನೀವು ತಡೆದುಕೊಳ್ಳಬಲ್ಲಿರೋ ಅದನ್ನು ಆರಿಸಿಕೊಳ್ಳಿ.

ನನಗೆ ತಕರಾರಿರುವುದು ನಿಮ್ಮ ‘5 ನಿಮಿಷ’ದ ಮೇಲೆ. ಕೈಯಲ್ಲೇ ಬರೆಯುತ್ತೀರಿ ಅಂದುಕೊಳ್ಳೋಣ. 300 ಸೆಕೆಂಡ್, ಸೆಕೆಂಡಿಗೆ 12 ಅಂದರೆ 3,600 ಚಿತ್ರ, ಅದೂ ಒಂದೇ ಪಾತ್ರಕ್ಕೆ. ಸಂಜೆಗೆ 10 ಮುಗಿಸಿದರೆ 360 ಸಂಜೆ. ಜ್ವರ ಬರಬಾರದು, ನೆಂಟರು ಬರಬಾರದು. 90 ಸೆಕೆಂಡಿನದು ಮಾಡಿ. ಜಾಸ್ತಿ ಅಂದರೆ ಎರಡು ನಿಮಿಷ. ‘ಅಷ್ಟರಲ್ಲಿ ನನ್ನ ಕಥೆ ಹಿಡಿಸುವುದಿಲ್ಲ’ ಅಂತೀರಿ. ಅನಿಮ್ಯಾಟಿಕ್ ಮಾಡಿ ನೋಡಿ, ಹಿಡಿಸುತ್ತದೋ ಇಲ್ಲವೋ ಆಮೇಲೆ ಹೇಳಿ.

ಅದನ್ನು ಮೂರ್ನಾಲ್ಕು ಜನಕ್ಕೆ ತೋರಿಸಿ. ತೋರಿಸುವಾಗ ಬಾಯಿ ಬಿಡಬೇಡಿ, ‘ಇಲ್ಲಿ ಏನಾಗುತ್ತದೆ ಅಂದರೆ’ ಅಂತ ಶುರು ಮಾಡಬೇಡಿ. ಹೇಗಿತ್ತು ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಪಕ್ಕದಲ್ಲಿ ಕೂತು, ಅವರು ಅಲುಗಾಡಿದ ಸೆಕೆಂಡನ್ನು ಬರೆದಿಟ್ಟುಕೊಳ್ಳಿ.

ಅನಿಮೇಷನ್‌ಗೆ ಇಳಿದ ಮೇಲೂ ಒಂದನೇ ಶಾಟ್‌ನಿಂದ ಶುರು ಮಾಡಬೇಡಿ. ಮಧ್ಯದ ಯಾವುದಾದರೂ ಸಾಧಾರಣ ಶಾಟ್ ಹಿಡಿಯಿರಿ. ಚಿತ್ರ ಮುಗಿಯುವಷ್ಟರಲ್ಲಿ ಕೈ ಎಷ್ಟೋ ಪಳಗಿರುತ್ತದೆ. ಎಲ್ಲರೂ ಮೊದಲು ನೋಡುವ ಶಾಟನ್ನು ಆ ಪಳಗಿದ ಕೈಯಿಂದ ಮಾಡಿ.

ನಿಮ್ಮ ಕಥೆಯಲ್ಲಿ ಮಾತು ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಮೊದಲು ಧ್ವನಿ ರೆಕಾರ್ಡ್ ಮಾಡಿ, ಆಮೇಲೆ ಅದಕ್ಕೆ ತಕ್ಕಂತೆ ಬಾಯಿ ಬರೆಯಿರಿ. ಇದನ್ನು ತಿರುಗಾಮುರುಗಾ ಮಾಡಿದವರನ್ನೂ ನೋಡಿದ್ದೇನೆ. ಅವರ ಅವಸ್ಥೆ ನನಗಿಂತ ಕಷ್ಟ.