ಹೊಸ ಸೀಲ್ ಹಾಕಿದ ಮೇಲೂ ಫೋರ್ಕ್ ಸೋರುವುದೇಕೆ?

ಪ್ರಶ್ನೆ: ನಾಪೋಕ್ಲು–ಭಾಗಮಂಡಲ ರಸ್ತೆಯಲ್ಲಿ ದಿನವೂ ಓಡಾಡುವ 150 ಸಿಸಿ ಬೈಕ್ ನನ್ನದು. ಮುಂಚಕ್ರವನ್ನು ಹಿಡಿದು ಕುಲುಕಾಟ ತಡೆಯುವ ಎರಡೂ ಫೋರ್ಕ್‌ಗಳ ಎಣ್ಣೆ ಹೊರಬಾರದಂತೆ ತಡೆಯುವ ಆಯಿಲ್ ಸೀಲ್‌ಗಳನ್ನು ಮನೆಯಲ್ಲೇ ಬದಲಿಸಿದೆ. ಹಾಳು ರಸ್ತೆಗೆ ಗಟ್ಟಿಯಿರಲಿ ಎಂದು ಎಣ್ಣೆಯನ್ನು ತುಸು ಹೆಚ್ಚಾಗಿಯೇ ಹಾಕಿದೆ. ಈಗ ಎಡಬದಿ ಮತ್ತೆ ಸೋರುತ್ತಿದೆ, ಫೋರ್ಕ್ ಸಲೀಸಾಗಿ ಇಳಿಯದೆ ನಡುವೆ ಹಿಡಿಯುತ್ತದೆ. ತಳದ ಅಲನ್ ಬೋಲ್ಟ್ ಬಿಗಿಯುವಾಗ ಒಳಗಿನ ರಾಡ್ ಕೂಡ ತಿರುಗುತ್ತಿತ್ತು. ಸೀಲ್ ಕಳಪೆಯದಿರಬಹುದೇ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಸೀಲನ್ನು ಆಮೇಲೆ ನೋಡೋಣ, ಮೊದಲು ಬ್ರೇಕ್ ನೋಡಿ. ಸೋರಿದ ಎಣ್ಣೆ ಡಿಸ್ಕ್ ಪ್ಯಾಡಿಗೆ ತಾಗಿದ್ದರೆ ಪ್ಯಾಡ್ ಬದಲಿಸಿ, ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಅಲ್ಲಿಯವರೆಗೆ ನಿಮ್ಮ ಇಳಿಜಾರು ರಸ್ತೆಗಳಿಗೆ ದಯವಿಟ್ಟು ಗಾಡಿ ಇಳಿಸಬೇಡಿ.

ಎರಡರಲ್ಲಿ ಒಂದೇ ಸೋರುತ್ತಿದೆ ಎಂದರೆ ನನ್ನ ಅನುಮಾನ ಸೀಲಿಗಿಂತ ಹೆಚ್ಚಾಗಿ ಫೋರ್ಕ್ ಪೈಪಿನ ಮೇಲೆ. ಕೊಡಗಿನ ಮಳೆಗಾಲದಲ್ಲಿ ತೋಟದ ಕೆಸರು ಪೈಪಿಗೆ ಮೆತ್ತಿ ಒಣಗುತ್ತದೆ. ಅದರಡಿ ತೇವ ನಿಂತು ಕ್ರೋಮ್ ಮೇಲೆ ಸಣ್ಣ ತುಕ್ಕಿನ ಗುಳಿಗಳು ಏಳುತ್ತವೆ. ಅವುಗಳ ಅಂಚು ಸೀಲಿನ ತುಟಿಯನ್ನು (ಪೈಪಿಗೆ ಒತ್ತಿಕೊಳ್ಳುವ ಒಳ ಅಂಚನ್ನು) ಪ್ರತಿ ಕುಣಿತಕ್ಕೂ ಕೊಯ್ಯುತ್ತದೆ. ಪೈಪನ್ನು ಚೆನ್ನಾಗಿ ಒರೆಸಿ, ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಎಲ್ಲಾದರೂ ತಡೆದರೆ ಕಾರಣ ಸಿಕ್ಕಿತು. ಬರಿಯ ಏಣು ಮಾತ್ರವಿದ್ದರೆ ಎಣ್ಣೆ ಹಚ್ಚಿದ 1500 ಅಥವಾ 2000 ನಂಬರಿನ ಮರಳು ಕಾಗದದಿಂದ ಪೈಪಿನ ಸುತ್ತಲೂ ಅಡ್ಡಡ್ಡವಾಗಿ ಉಜ್ಜಿ ಸಮ ಮಾಡಬಹುದು. ಸೀಲ್ ಓಡಾಡುವ ಜಾಗದಲ್ಲಿ ಆಳವಾದ ಗುಳಿಯಿದ್ದರೆ ಹೊಸ ಪೈಪ್ ಹಾಕಿಸಿ. ಇಲ್ಲದಿದ್ದರೆ ಎಷ್ಟು ಸೀಲ್ ತಂದರೂ ಹಣ ದಂಡ.

ಪೈಪ್ ನುಣುಪಾಗಿದ್ದರೆ, ಜೋಡಿಸುವಾಗಲೇ ತುಟಿ ಹರಿದಿರಬೇಕು. ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಫೋರ್ಕ್ ಎಣ್ಣೆ ಸವರಿ, ಆಮೇಲೆ ಸೀಲ್ ಇಳಿಸಿ. ಮೇಲಿನಿಂದ ಹಾಕುವುದಾದರೆ ಮೊದಲು ಬುಷ್ (ಪೈಪ್ ಜಾರಲು ಆಧಾರವಾಗುವ ಬಳೆ), ಅದರ ಮೇಲೆ ವಾಷರ್, ಸೀಲ್, ಸರ್ಕ್ಲಿಪ್ (ಸೀಲನ್ನು ಹಿಡಿದಿಡುವ ಕ್ಲಿಪ್), ಕೊನೆಗೆ ಡಸ್ಟ್ ಸೀಲ್. ಪ್ರತ್ಯೇಕ ಬುಷ್ ಇಲ್ಲದ ಫೋರ್ಕ್ ಆದರೆ ವಾಷರಿನಿಂದ ಶುರು. ಸೀಲಿನ ಸಣ್ಣ ಸುರುಳಿ ಸ್ಪ್ರಿಂಗ್ ಕಾಣುವ ಮುಖ ಕೆಳಗೆ, ಎಣ್ಣೆಯ ಕಡೆಗಿರಬೇಕು. ಅಕ್ಷರ ಮುದ್ರಿಸಿದ ಮುಖ ಸಾಮಾನ್ಯವಾಗಿ ಮೇಲೆ ಬರುತ್ತದೆ. ಹಳೆಯ ಸೀಲನ್ನು ಹೊಸದರ ಮೇಲಿಟ್ಟು, ಸರಿಯಾದ ಅಳತೆಯ ಪಿವಿಸಿ ಪೈಪಿನಿಂದ ಸುತ್ತಲೂ ಸಮನಾಗಿ ಬಡಿಯಿರಿ. ಸರ್ಕ್ಲಿಪ್ ಕೂರುವ ತೋಡು (ಗ್ರೂವ್) ಪೂರ್ತಿ ಕಾಣುವವರೆಗೆ ಸೀಲ್ ಇಳಿಯಲೇಬೇಕು. ಸ್ಕ್ರೂಡ್ರೈವರ್ ಇಟ್ಟು ಒಂದೊಂದೇ ಕಡೆ ಬಡಿದರೆ ಸೀಲ್ ಓರೆಯಾಗಿ ಕೂರುತ್ತದೆ.

ಎಣ್ಣೆ ಹೆಚ್ಚು ಹಾಕಿದ್ದು ನಿಜಕ್ಕೂ ತಪ್ಪು. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಆ ಜಾಗ ಕಿರಿದಾದರೆ ದೊಡ್ಡ ಗುಂಡಿಗೆ ಬಿದ್ದಾಗ ಒತ್ತಡ ಏರಿ ಎಣ್ಣೆ ಸೀಲನ್ನೇ ತಳ್ಳುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಹೇಳುವ ದರ್ಜೆಯ ಎಣ್ಣೆಯನ್ನೇ ಹಾಕಿ, ಗಾಳಿ ಗುಳ್ಳೆ ನಿಲ್ಲುವವರೆಗೆ ಪೈಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಅನಂತರ ಸ್ಪ್ರಿಂಗ್ ಇಲ್ಲದೆ, ಪೈಪ್ ಪೂರ್ತಿ ಕೆಳಗಿಳಿದಿರುವಾಗ ಮೇಲಂಚಿನಿಂದ ಎಣ್ಣೆಯ ಮಟ್ಟ ಅಳೆಯಿರಿ. ಎರಡೂ ಬದಿಗೆ ಒಂದೇ ಇರಲಿ. ಪುಸ್ತಕ ಬೇರೆ ವಿಧಾನ ಹೇಳಿದ್ದರೆ ಅದನ್ನೇ ಅನುಸರಿಸಿ.

ಫೋರ್ಕ್ ಹಿಡಿಯುವುದಕ್ಕೆ ಪೈಪ್ ಬಾಗಿರುವುದೂ ಕಾರಣವಾಗಬಹುದು. ಬಿಚ್ಚಿದಾಗ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ. ನೆಟ್ಟಗಿದ್ದರೆ ಆಕ್ಸಲ್ (ಚಕ್ರದ ಅಚ್ಚು) ಬಿಗಿದ ಕ್ರಮವನ್ನು ಸಂಶಯಿಸಿ. ಆಕ್ಸಲ್ ನಟ್ ಬಿಗಿದ ಮೇಲೆ, ಆಕ್ಸಲನ್ನು ಅಮುಕಿ ಹಿಡಿಯುವ ಕೆಳಗಿನ ಬೋಲ್ಟನ್ನು ಸಡಿಲವಾಗಿಯೇ ಬಿಟ್ಟು, ಬ್ರೇಕ್ ಹಿಡಿಯದೆ ಮುಂಭಾಗವನ್ನು ಕೆಲವು ಸಲ ಬಲವಾಗಿ ಒತ್ತಿ ಬಿಡಿ. ಎರಡು ಕಾಲುಗಳೂ ತಮ್ಮ ಸಮಾಂತರ ಸ್ಥಾನಕ್ಕೆ ಬರುತ್ತವೆ. ಆಮೇಲೆ ಆ ಬೋಲ್ಟ್ ಬಿಗಿಯಿರಿ.

ತಳದ ಬೋಲ್ಟ್ ಜೊತೆ ಒಳಗಿನ ರಾಡ್ ತಿರುಗುವುದಕ್ಕೆ ಉಪಾಯ ಸುಲಭ: ಸ್ಪ್ರಿಂಗ್ ಮತ್ತು ಮೇಲಿನ ಕ್ಯಾಪ್ ಹಾಕಿ ಫೋರ್ಕನ್ನು ಒತ್ತಿ ಹಿಡಿದರೆ ರಾಡ್ ಅಮುಕಿಕೊಂಡು ನಿಲ್ಲುತ್ತದೆ. ಹೊಸ ತಾಮ್ರದ ವಾಷರ್ ಮತ್ತು ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟಾದ ಥ್ರೆಡ್‌ಲಾಕ್ ಬಳಸಿ. ಅಲ್ಲಿ ಸಡಿಲವಿದ್ದರೆ ಎಣ್ಣೆ ಕೆಳಗಿನಿಂದ ಜಿನುಗುತ್ತದೆ, ಆದ್ದರಿಂದ ಬಿಚ್ಚುವ ಮೊದಲೇ ತಳವನ್ನು ಒರೆಸಿ ನೋಡಿಕೊಳ್ಳಿ. ಕ್ಯಾಪ್ ಬಿಚ್ಚುವಾಗ ಮುಖವನ್ನು ಅದರ ನೇರಕ್ಕೆ ತರಬೇಡಿ, ಸ್ಪ್ರಿಂಗ್ ಅದನ್ನು ಚಿಮ್ಮಿಸುತ್ತದೆ.