ಒಂದು ಕ್ಲಚ್ ಸ್ಪ್ರಿಂಗ್ ತುಂಡಾದರೆ ಒಂದನ್ನೇ ಬದಲಿಸಬೇಡಿ

ಮಳೆಗಾಲ ಕಳೆಯುತ್ತಿದ್ದಂತೆ ಬೈಕಿನ ಕ್ಲಚ್ ಬಗ್ಗೆ ಪ್ರಶ್ನೆಗಳು ಹೆಚ್ಚುತ್ತವೆ. ಊರು ಬೇರೆ, ಬೈಕ್ ಬೇರೆ, ಪ್ರಶ್ನೆ ಮಾತ್ರ ಹಳೆಯದೇ. ಈ ಬಾರಿ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿ ಹೇಳಿರುವ ತಪ್ಪು ಕೆಲಸವನ್ನು ದುರಸ್ತಿ ಎಂದೇ ನಂಬಿ ಹಣ ಕೊಟ್ಟು ಬರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕ್ಲಚ್ ಕವರ್ ಬಿಚ್ಚುವುದು ಹೇಗೆ, ಯಾವ ಸ್ಪ್ಯಾನರ್ ಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಕ್ಷೇಮ.

ಪ್ರಶ್ನೆ: ನನ್ನದು 150 ಸಿಸಿ ಬೈಕ್. ಕೆಲಸದ ಮೇಲೆ ಆಗಾಗ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುತ್ತೇನೆ. ಕಳೆದ ತಿಂಗಳು ಏರಿನಲ್ಲಿ ಇಂಜಿನ್ ಕೂಗುತ್ತಿತ್ತು, ಬೈಕ್ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ನಿಂತಾಗ ಗೇರ್ ಹಾಕಿದರೆ ಕ್ಲಚ್ ಪೂರ್ತಿ ಹಿಡಿದಿದ್ದರೂ ಮುಂದಕ್ಕೆ ಎಳೆಯುತ್ತಿತ್ತು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ನಾಲ್ಕು ಸ್ಪ್ರಿಂಗುಗಳಲ್ಲಿ ಒಂದು ತುಂಡಾಗಿತ್ತು. ಅದೊಂದನ್ನು ಬದಲಿಸಿ, ಉಳಿದ ಮೂರಕ್ಕೆ ಒಂದೊಂದು ವಾಷರ್ ಕೂಡಿಸಿ, ಬೋಲ್ಟುಗಳನ್ನು ಬಲವಾಗಿ ಬಿಗಿದು ಕೊಟ್ಟರು. ಈಗ ಲಿವರ್ ಗಟ್ಟಿಯಾಗಿದೆ, ಹೊರಡುವಾಗ ಬೈಕ್ ನಡುಗುತ್ತದೆ. ಇದು ಸರಿಯಾದ ದುರಸ್ತಿಯೇ?
– ಹೆಬ್ರಿಯ ಓದುಗರು

ಉತ್ತರ: ಅಲ್ಲ. ಮತ್ತೆ ಬಿಚ್ಚಿಸಬೇಕು. ಅಲ್ಲಿಯವರೆಗೆ ದಯವಿಟ್ಟು ಘಾಟಿ ಹತ್ತಬೇಡಿ.

ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ಸುಳಿವಿದೆ. ಕ್ಲಚ್ ಜಾರುವುದು ಒಂದು ರೋಗ, ಬಿಡದೆ ಎಳೆಯುವುದು ಇನ್ನೊಂದು ರೋಗ. ಸಾಮಾನ್ಯವಾಗಿ ಒಂದಿದ್ದಾಗ ಇನ್ನೊಂದು ಇರುವುದಿಲ್ಲ. ಎರಡೂ ಒಟ್ಟಿಗೆ ಕಾಣಿಸಿಕೊಂಡರೆ, ಅದರ ಜೊತೆಗೆ ಲಿವರ್ ಇದ್ದಕ್ಕಿದ್ದಂತೆ ಹಗುರವಾದರೆ, ಮೊದಲ ಅನುಮಾನ ತುಂಡಾದ ಸ್ಪ್ರಿಂಗಿನ ಮೇಲೆ ಹೋಗಬೇಕು. ನಾಲ್ಕರಲ್ಲಿ ಒಂದು ಹೋದರೆ ಪ್ಲೇಟುಗಳನ್ನು ಒತ್ತಿ ಹಿಡಿಯುವ ಬಲದಲ್ಲಿ ಕಾಲು ಭಾಗ ಹೋಯಿತು, ಆದ್ದರಿಂದ ಜಾರುತ್ತದೆ. ಲಿವರ್ ಎಳೆದಾಗ ಪ್ರೆಷರ್ ಪ್ಲೇಟ್, ಅಂದರೆ ಸ್ಪ್ರಿಂಗಿನ ಬಲದಿಂದ ಪ್ಲೇಟುಗಳನ್ನು ಒತ್ತುವ ತಟ್ಟೆ, ಸಮವಾಗಿ ಏಳುವುದಿಲ್ಲ. ಸ್ಪ್ರಿಂಗ್ ಇಲ್ಲದ ಬದಿ ಮೇಲೆ ಬರುತ್ತದೆ, ಎದುರು ಬದಿ ಪ್ಲೇಟುಗಳನ್ನು ಒತ್ತಿಕೊಂಡೇ ಇರುತ್ತದೆ, ಆದ್ದರಿಂದ ಎಳೆಯುತ್ತದೆ.

ಈಗ ಒಂದು ಹೊಸ ಸ್ಪ್ರಿಂಗ್, ಮೂರು ಹಳೆಯವು. ಅವುಗಳ ಬಲ ಒಂದೇ ಆಗಿಲ್ಲ. ಪ್ರೆಷರ್ ಪ್ಲೇಟ್ ಇನ್ನೂ ಓರೆಯಾಗಿಯೇ ಕೆಲಸ ಮಾಡುತ್ತಿರಬಹುದು. ನಿಮ್ಮ ನಡುಕಕ್ಕೆ ಅದು ಕಾರಣವಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ನಾಲ್ಕಿದ್ದರೆ ನಾಲ್ಕು, ಐದಿದ್ದರೆ ಐದು, ಒಂದೇ ಪೊಟ್ಟಣದಿಂದ ಬಂದ ಪೂರ್ತಿ ಸೆಟ್ ಹಾಕಬೇಕು. ಸಾಮಾನ್ಯ ಬೈಕುಗಳಲ್ಲಿ ಆ ಸೆಟ್ಟಿನ ಬೆಲೆ ಒಂದು ಲೀಟರ್ ಒಳ್ಳೆಯ ಆಯಿಲ್‌ಗಿಂತ ಕಡಿಮೆ. ಇದರಲ್ಲಿ ಉಳಿತಾಯ ಮಾಡಲು ಹೋಗುವುದು ನನಗೆ ಅರ್ಥವಾಗದ ವಿಷಯ.

ವಾಷರ್ ಕೂಡಿಸುವ ಅಭ್ಯಾಸದ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಸ್ಪ್ರಿಂಗ್ ಎಷ್ಟು ಕುಗ್ಗಿರುತ್ತದೆಯೋ ಅಷ್ಟು ಬಲ ಕೊಡುತ್ತದೆ. ಉದಾಹರಣೆಗೆ ಕೂಡಿಸಿದ ಸ್ಥಿತಿಯಲ್ಲಿ ಸ್ಪ್ರಿಂಗ್ 10 ಮಿಲಿಮೀಟರ್ ಕುಗ್ಗಿರುತ್ತದೆ ಎಂದುಕೊಳ್ಳಿ. ಸವೆದು ಅದರ ಉದ್ದ 1 ಮಿಲಿಮೀಟರ್ ಕಡಿಮೆಯಾದರೆ ಹತ್ತನೇ ಒಂದು ಭಾಗ ಬಲ ಹೋಯಿತು. ನಾಲ್ಕು ಕ್ಲಚ್ ಪ್ಲೇಟುಗಳು ತಲಾ 0.3 ಮಿಲಿಮೀಟರ್ ಸವೆದಿದ್ದರೆ ಇಡೀ ಅಟ್ಟಿ 1.2 ಮಿಲಿಮೀಟರ್ ತೆಳುವಾಗಿ, ಸ್ಪ್ರಿಂಗ್ ಅಷ್ಟು ಸಡಿಲವಾಗುತ್ತದೆ. ಎರಡೂ ಸೇರಿ ಐದನೇ ಒಂದಕ್ಕಿಂತ ಹೆಚ್ಚು ಬಲ ಇಲ್ಲವಾಯಿತು. ವಾಷರ್ ಇಟ್ಟರೆ ಆ ಬಲ ಮರಳಿದಂತೆ ಕಾಣುತ್ತದೆ, ಪ್ಲೇಟುಗಳ ಸವೆತ ಮಾತ್ರ ಮರೆಯಲ್ಲಿ ಮುಂದುವರಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಲಿವರ್ ಎಳೆದಾಗ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ಮುಂದೆ ಕುಗ್ಗಲು ಜಾಗವೇ ಉಳಿಯದಿರಬಹುದು. ಆಗ ಕ್ಲಚ್ ಪೂರ್ತಿ ಬಿಡುವುದಿಲ್ಲ. ನಿಮ್ಮ ಕೈಯ ಬಲವೆಲ್ಲ ಕ್ಲಚ್ ವೈರಿನ ಮೇಲೆ, ಒಳಗಿನ ಬೇರಿಂಗಿನ ಮೇಲೆ ಬೀಳುತ್ತದೆ. ಹೀಗೆ ಒತ್ತಡಕ್ಕೆ ಸಿಕ್ಕಿದ ಸ್ಪ್ರಿಂಗೇ ಮುಂದೆ ತುಂಡಾಗುವುದು.

ಬೋಲ್ಟ್ ಬಲವಾಗಿ ಬಿಗಿದರೆ ಕ್ಲಚ್ ಬಿಗಿಯಾಗುತ್ತದೆ ಎಂಬುದು ಇನ್ನೊಂದು ಭ್ರಮೆ. ಇಂದಿನ ಬಹುತೇಕ ಬೈಕುಗಳಲ್ಲಿ ಬೋಲ್ಟ್ ಹೋಗಿ ಹಬ್ಬಿನ (ಕ್ಲಚ್ಚಿನ ನಡುವಿನ ಭಾಗದ) ಕಂಬಕ್ಕೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಎಷ್ಟು ತಿರುಗಿಸಿದರೂ ಸ್ಪ್ರಿಂಗಿಗೆ ಒಂದು ಕೂದಲೆಳೆಯಷ್ಟೂ ಬಲ ಸೇರುವುದಿಲ್ಲ. ಅಲ್ಯೂಮಿನಿಯಂ ಕಂಬ ಮುರಿಯುತ್ತದೆ, ಇಲ್ಲವೇ ಅದರೊಳಗಿನ ತಿರುಪಿನ ಗೆರೆ (ಥ್ರೆಡ್) ಕಿತ್ತುಹೋಗುತ್ತದೆ. ಸಾಮಾನ್ಯವಾಗಿ 6 ಮಿಲಿಮೀಟರ್ ಬೋಲ್ಟಿಗೆ 10ರಿಂದ 12 ನ್ಯೂಟನ್ ಮೀಟರ್ ಸಾಕು, ಅದನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ನಿಮ್ಮಲ್ಲಿ ಈಗಾಗಲೇ ಬಲಪ್ರಯೋಗ ನಡೆದಿದೆ, ಆದ್ದರಿಂದ ಕಂಬಗಳಲ್ಲಿ ಬಿರುಕಿದೆಯೇ ಎಂದು ಮೊದಲು ನೋಡಿಸಿ.

ಮುಖ್ಯವಾದ ಒಂದು ಮಾತನ್ನು ನೀವು ಬರೆದೇ ಇಲ್ಲ. ತುಂಡಾದ ಸ್ಪ್ರಿಂಗಿನ ಚೂರುಗಳೆಲ್ಲ ಸಿಕ್ಕಿದವೇ? ಸಿಕ್ಕ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ, ಸುತ್ತುಗಳನ್ನು ಪಕ್ಕದ ಸ್ಪ್ರಿಂಗಿನೊಂದಿಗೆ ಲೆಕ್ಕ ಹಾಕಬೇಕು. ಒಂದು ಸುತ್ತು ಕಡಿಮೆ ಬಂದರೂ ಕವರ್ ಮುಚ್ಚಬಾರದು. ಆಯಿಲ್ ಪೂರ್ತಿ ಇಳಿಸಿ, ಜಾಲರಿ ತೆಗೆದು, ಆಯಸ್ಕಾಂತ ಹಾಕಿ ಹುಡುಕಬೇಕು. ಗಟ್ಟಿ ಉಕ್ಕಿನ ಆ ಚೂರು ಗೇರಿನ ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ಆಗುವ ಖರ್ಚು ಕ್ಲಚ್ಚಿನ ಖರ್ಚಿನಂತಿರುವುದಿಲ್ಲ. ಘಾಟಿಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಹಿಡಿದು ನಿಂತರೆ ಏನಾಗಬಹುದೆಂದು ಯೋಚಿಸಿದರೆ ನನಗೆ ಖರ್ಚಿನ ಮಾತೇ ಬೇಡವೆನಿಸುತ್ತದೆ.

ಆಯಿಲ್‌ನಲ್ಲಿ ಮುಳುಗಿರುವ ಸ್ಪ್ರಿಂಗ್ ಸುಮ್ಮನೆ ತುಂಡಾಗುವುದು ಅಪರೂಪ. ಕಾರಣ ಹುಡುಕಿಸಿ. ಆಯಿಲ್‌ಗೆ ನೀರು ಸೇರಿ ತುಕ್ಕಿನ ಚುಕ್ಕೆ ಬಿದ್ದಿರಬಹುದು, ಹಿಂದೆ ಯಾರೋ ಇಕ್ಕಳದಲ್ಲಿ ಹಿಡಿದು ಗೀರು ಮಾಡಿರಬಹುದು, ಕಳಪೆ ನಕಲಿ ಮಾಲು ಇರಬಹುದು. ಗೀರು ಸಣ್ಣದಾದರೂ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಬಿಚ್ಚಿದ ಮೇಲೆ ಸ್ಪ್ರಿಂಗಿನ ಉದ್ದವನ್ನೂ ಪ್ಲೇಟುಗಳ ದಪ್ಪವನ್ನೂ ವರ್ನಿಯರ್‌ನಲ್ಲಿ ಅಳೆಸಿ, ನಿಮ್ಮ ಬೈಕಿನ ಸರ್ವಿಸ್ ಕೈಪಿಡಿಯಲ್ಲಿ ಕೊಟ್ಟ ಮಿತಿಗೆ ಹೋಲಿಸಿ. ಕಣ್ಣಳತೆ ನಡೆಯುವುದಿಲ್ಲ. ಕ್ಲಚ್ ಪ್ಲೇಟುಗಳ ನಡುನಡುವೆ ಇರುವ ಉಕ್ಕಿನ ಪ್ಲೇಟುಗಳು ನೀಲಿಯಾಗಿದ್ದರೆ ಅವು ಸುಟ್ಟಿವೆ. ಗಾಜಿನ ಮೇಲಿಟ್ಟಾಗ ಅಲುಗಿದರೆ ಬಾಗಿವೆ. ಕ್ಲಚ್ ಔಟರಿನ (ಪ್ಲೇಟುಗಳು ಕೂರುವ ಹೊರಗಿನ ಬುಟ್ಟಿಯ) ಬೆರಳುಗಳಲ್ಲಿ ಪ್ಲೇಟುಗಳು ಕೊರೆದ ಕಚ್ಚುಗಳಿವೆಯೇ ಎಂದು ಉಗುರು ಆಡಿಸಿ ನೋಡಬೇಕು. ಹೊಸ ಪ್ಲೇಟ್ ಹಾಕುವುದಾದರೆ ಮೊದಲು ಇಂಜಿನ್ ಆಯಿಲ್‌ನಲ್ಲಿ ನೆನೆಸಲಿ. ಕವರ್ ಮುಚ್ಚುವ ಮೊದಲು ಒಬ್ಬರು ಲಿವರ್ ಎಳೆಯಲಿ, ಇನ್ನೊಬ್ಬರು ಪ್ರೆಷರ್ ಪ್ಲೇಟ್ ಸುತ್ತಲೂ ಸಮನಾಗಿ ಏಳುತ್ತದೆಯೇ ಎಂದು ನೋಡಲಿ. ಒಂದು ನಿಮಿಷದ ಈ ಪರೀಕ್ಷೆಯನ್ನು ಮಾಡುವ ಮೆಕ್ಯಾನಿಕ್ ಸಿಕ್ಕಿದರೆ ಅವರನ್ನು ಬಿಡಬೇಡಿ. ಕವರಿನ ಅಂಚಿಗೆ ಹಾಕುವ ಪ್ಯಾಕಿಂಗ್ (ಗ್ಯಾಸ್ಕೆಟ್) ಹೊಸದೇ ಇರಲಿ. ಅದರ ಬದಲು ಸಿಲಿಕಾನ್ ಬಳಿದರೆ ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಜಾಲರಿಯನ್ನು ಮುಚ್ಚುತ್ತದೆ. ಕೊನೆಗೆ ಲಿವರಿನ ತುದಿಯಲ್ಲಿ ಸುಮಾರು 10ರಿಂದ 20 ಮಿಲಿಮೀಟರ್ ಸಡಿಲ ಬಿಡಬೇಕು.

ಇನ್ನೊಂದು ಮಾತು ನಿಮಗೇ. ಆಗುಂಬೆಯ 14 ತಿರುವುಗಳಲ್ಲಿ ಮುಂದಿರುವ ಬಸ್ ತಿರುಗಲೆಂದು ಕಾಯುವಾಗ ಹಾಫ್ ಕ್ಲಚ್ಚಿನಲ್ಲಿ (ಲಿವರ್ ಅರ್ಧ ಹಿಡಿದು) ಬೈಕನ್ನು ಏರಿನ ಮೇಲೆ ತೂಗಿಸಿ ನಿಲ್ಲಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ನಿಲ್ಲಲು ಹಿಂದಿನ ಬ್ರೇಕ್ ಇದೆ.

ಪ್ರಶ್ನೆ: ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಿದರೆ ಮತ್ತೆ ಬಳಸಬಹುದು ಎನ್ನುತ್ತಾರೆ, ಹೌದೇ?
– ಸುರತ್ಕಲ್

ಉತ್ತರ: ಇಲ್ಲ. ಎಳೆದ ಸ್ಪ್ರಿಂಗ್ ಬೇಗನೆ ಮತ್ತೆ ಕುಗ್ಗುತ್ತದೆ, ನಾಲ್ಕೂ ನಾಲ್ಕು ಉದ್ದಕ್ಕೆ.

ಪ್ರಶ್ನೆ: ಎಷ್ಟು ಕಿಲೋಮೀಟರಿಗೊಮ್ಮೆ ಸ್ಪ್ರಿಂಗ್ ಬದಲಿಸಬೇಕು?
– ಬಂಟ್ವಾಳ, ಕಾಪು ಮತ್ತು ಇನ್ನೂ ಹಲವರು

ಉತ್ತರ: ಕಿಲೋಮೀಟರಿನ ಲೆಕ್ಕವಿಲ್ಲ, ಅಳತೆಯ ಲೆಕ್ಕ. ಕ್ಲಚ್ ಪ್ಲೇಟ್ ಬದಲಿಸುವಾಗ ಮಾತ್ರ ಅಳೆಯದೆಯೂ ಹೊಸ ಸೆಟ್ ಹಾಕಿ. ನಾನು ಹಳೆಯದನ್ನು ಮರಳಿ ಹಾಕುವುದಿಲ್ಲ.

ಪ್ರಶ್ನೆ: ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ. ಸ್ಪ್ರಿಂಗ್ ಸವೆದಿದೆ, ಬದಲಿಸಿ ಎಂದರು.
– ಕುಂದಾಪುರ

ಉತ್ತರ: ಸವೆದ ಸ್ಪ್ರಿಂಗ್ ಕ್ಲಚ್ಚನ್ನು ಜಾರಿಸುತ್ತದೆ, ನ್ಯೂಟ್ರಲ್ ತಪ್ಪಿಸುವುದಿಲ್ಲ. ವೈರಿನ ಸಡಿಲ ಸರಿಪಡಿಸಿ, ಆಯಿಲ್ ನೋಡಿ, ಆಮೇಲೆ ಬಾಗಿದ ಪ್ಲೇಟಿನ ಮಾತು. ಹಣ ಕೊಡುವ ಮೊದಲು ಕೇಳಿದಿರಿ, ಒಳ್ಳೆಯದಾಯಿತು.

ಪ್ರಶ್ನೆ: ಸ್ಕೂಟರಿನ ಕ್ಲಚ್ ಸ್ಪ್ರಿಂಗ್‌ಗೂ ಇದೇ ನಿಯಮವೇ?
– ಮಂಗಳೂರು, ಬಿಜೈ

ಉತ್ತರ: ಗೇರಿಲ್ಲದ ಸ್ಕೂಟರಿನದು ಆಯಿಲ್ ಇಲ್ಲದೆ ಕೆಲಸ ಮಾಡುವ, ವೇಗಕ್ಕೆ ತಾನಾಗಿ ಹಿಡಿಯುವ ಬೇರೆಯೇ ಕ್ಲಚ್. ಇಲ್ಲಿ ಬರೆದದ್ದನ್ನು ಅದಕ್ಕೆ ಅನ್ವಯಿಸಬೇಡಿ.

ಪ್ರಶ್ನೆ: ಕಾರಿನ ಆಯಿಲ್ ಹಾಕಿದರೆ ಇಂಜಿನ್ ನುಣುಪಾಗಿ ಓಡುತ್ತದೆ ಎಂದು ವಿಡಿಯೊದಲ್ಲಿ ನೋಡಿ ಹಾಕಿದೆ. ಈಗ ಇಂದ್ರಾಳಿಯಿಂದ ಮಣಿಪಾಲದ ಏರಿನಲ್ಲಿ ಕ್ಲಚ್ ಜಾರುತ್ತದೆ. ಗಟ್ಟಿಯಾದ ರೇಸಿಂಗ್ ಸ್ಪ್ರಿಂಗ್ ಹಾಕಲೇ?
– ಮಣಿಪಾಲದ ವಿದ್ಯಾರ್ಥಿ

ಉತ್ತರ: ಬೇಡ. ಅನೇಕ ಕಾರ್ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ. ನಿಮ್ಮ ಕ್ಲಚ್ ಬದುಕಿರುವುದೇ ಘರ್ಷಣೆಯಿಂದ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2 – ಆಯಿಲ್‌ನಲ್ಲಿ ಮುಳುಗಿದ ಬೈಕ್ ಕ್ಲಚ್ಚಿಗೆ ಒಪ್ಪುವ ಆಯಿಲ್ ಎಂಬ) ಗುರುತಿರುವ, ಕೈಪಿಡಿಯಲ್ಲಿ ಹೇಳಿದ ದಪ್ಪದ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿ, ಮತ್ತೆ ಬದಲಿಸಿ. ಆಮೇಲೂ ಜಾರಿದರೆ ಪ್ಲೇಟುಗಳು ಹಾಳಾಗಿವೆ. ಗಟ್ಟಿ ಸ್ಪ್ರಿಂಗಿನಿಂದ ಕಲ್ಸಂಕದ ದಟ್ಟಣೆಯಲ್ಲಿ ನಿಮ್ಮ ಮಣಿಕಟ್ಟು ನೋಯುತ್ತದೆ, ವೈರ್ ಬೇಗ ಹರಿಯುತ್ತದೆ, ರೋಗ ಹಾಗೆಯೇ ಇರುತ್ತದೆ.

ಪ್ರಶ್ನೆ: ಗಲ್ಫಿನಿಂದ ವರ್ಷದ ಮೇಲೆ ಊರಿಗೆ ಬಂದೆ. ಮನೆಯಲ್ಲಿ ನಿಂತಿದ್ದ ಬೈಕಿನ ಕ್ಲಚ್ ಹಿಡಿದರೂ ಬಿಡುತ್ತಿಲ್ಲ. ಸ್ಪ್ರಿಂಗ್ ಹೋಗಿದೆಯೇ?
– ಮಲ್ಪೆ

ಉತ್ತರ: ಸ್ಪ್ರಿಂಗ್ ಸರಿಯಾಗಿಯೇ ಇರಬಹುದು. ನಿಂತಲ್ಲೇ ಪ್ಲೇಟುಗಳು ಅಂಟಿಕೊಂಡಿವೆ. ಮೊದಲು ಆಯಿಲ್ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಸ್ಟಾರ್ಟ್ ಮಾಡದೆ ಆಯಿಲ್ ಇಳಿಸಿ, ಕವರ್ ಬಿಚ್ಚಿಸಿ, ತುಕ್ಕು ಹಿಡಿದ ಸ್ಪ್ರಿಂಗುಗಳನ್ನೆಲ್ಲ ಎಸೆಯಿರಿ. ಬಣ್ಣ ಸರಿಯಿದ್ದರೆ ಇಂಜಿನ್ ಬಂದ್ ಇರುವಾಗಲೇ ಮೇಲಿನ ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ, ಹೆಚ್ಚಾಗಿ ಬಿಡುತ್ತದೆ. ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಿ ಬಿಡಿಸುವ ಸಾಹಸ ಬೇಡ, ಬೈಕ್ ಗೋಡೆಗೆ ನುಗ್ಗುತ್ತದೆ. ಕಡಲ ಗಾಳಿಗೆ ಕ್ಲಚ್ ವೈರಿನ ಒಳಗೆ ತುಕ್ಕು ಹಿಡಿದಿರುತ್ತದೆ, ಅದನ್ನೂ ಬದಲಿಸಿ. ಮರಳಿ ಹೊರಡುವ ಮೊದಲು ಹೊಸ ಆಯಿಲ್ ಹಾಕಿಸಿ, ತಿಂಗಳಿಗೊಮ್ಮೆ ಗೇರ್ ಹಾಕಿ, ಕ್ಲಚ್ ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ತಳ್ಳುವಂತೆ ಮನೆಯವರಿಗೆ ಹೇಳಿ ಹೋಗಿ.