ಪ್ರತಿಕ್ರಿಯೆ: ‘ಕನ್ತಾಬಮೊಸ್’ ರೂಪದ ವಿಭಜನೆ ಮತ್ತು ಆಘಾತ

‘ನಾವು ಹಾಡುತ್ತಿದ್ದೆವು’ ಎಂಬರ್ಥದ ಸ್ಪ್ಯಾನಿಷ್ ರೂಪ ‘ಕನ್ತಾಬಮೊಸ್’ ಅನ್ನು ಹೇಗೆ ಒಡೆಯಬೇಕು, ಈ ಕಾಲದ ರೂಪಗಳಲ್ಲಿ ಅದಕ್ಕೆ ಮಾತ್ರ ಆಘಾತಚಿಹ್ನೆ (ಆಘಾತ, ಅಂದರೆ ಒತ್ತಿ ಉಚ್ಚರಿಸುವಿಕೆ, ಬೀಳುವ ಸ್ವರದ ಮೇಲೆ ಬರೆಯುವ ಗುರುತು) ಏಕೆ ಎಂದು ತಾವು ಕೇಳಿದ್ದೀರಿ. ಉಚ್ಚಾರಣೆಯಲ್ಲಿ ಅದು ಕನ್-ತಾ-ಬ-ಮೊಸ್; ವ್ಯಾಕರಣದಲ್ಲಿ ಕನ್ತ್-ಆ-ಬ-ಮೊಸ್. ‘ಕನ್ತ್’ ಧಾತು, ‘ಆ’ ಆ ವರ್ಗದ ಕ್ರಿಯಾಪದಗಳ ಗುರುತಿನ ಸ್ವರ, ‘ಬ’ ಅಪೂರ್ಣ ಭೂತಕಾಲದ (‘-ಉತ್ತಿದ್ದೆವು’ ಎಂಬಂಥ ಅರ್ಥದ) ಪ್ರತ್ಯಯ, ‘ಮೊಸ್’ ಉತ್ತಮ ಪುರುಷ ಬಹುವಚನದ ಪ್ರತ್ಯಯ. ‘ತ್’ ಧಾತುವಿಗೆ ಸೇರಿದ್ದರೂ ಉಚ್ಚರಿಸುವಾಗ ಮುಂದಿನ ಸ್ವರವನ್ನು ಕೂಡಿಕೊಳ್ಳುವುದರಿಂದ ಈ ಎರಡು ವಿಭಜನೆಗಳು ಒಂದೇ ಕಡೆ ತುಂಡಾಗುವುದಿಲ್ಲ. ಕನ್ನಡ ಲಿಪಿಯ ಅಭ್ಯಾಸದಿಂದ ‘ಕ-ನ್ತಾ’ ಎಂದು ಒಡೆಯುವುದು ಸಹಜ, ಆದರೆ ತಪ್ಪು. ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುವ, ಅಂದರೆ ‘ನ್’ ಅನ್ನು ಹಿಂದಿನ ‘ಕ’ಗೇ ಸೇರಿಸುವ ನಮ್ಮ ಛಂದಸ್ಸು ಇಲ್ಲಿ ಲಿಪಿಗಿಂತ ಒಳ್ಳೆಯ ಮಾರ್ಗದರ್ಶಿ.

ಈ ಕಾಲದ ಆರೂ ರೂಪಗಳಲ್ಲಿ ಆಘಾತ ‘ತಾ’ ಮೇಲೆಯೇ ಬೀಳುತ್ತದೆ (ದೀರ್ಘವನ್ನು ಆಘಾತ ತೋರಿಸಲಷ್ಟೇ ಬರೆದಿದ್ದೇನೆ). ಸ್ವರದಲ್ಲಾಗಲಿ ‘ನ್’, ‘ಸ್’ಗಳಲ್ಲಾಗಲಿ ಮುಗಿಯುವ ಪದಗಳಲ್ಲಿ ಉಪಾಂತ್ಯ (ಕೊನೆಯಿಂದ ಎರಡನೆಯ) ಉಚ್ಚಾರಾಂಶಕ್ಕೆ ಆಘಾತವಿರುವುದು ವಾಡಿಕೆಯಾದ್ದರಿಂದ ‘ಕನ್ತಾಬ’, ‘ಕನ್ತಾಬನ್’ ಮುಂತಾದವುಗಳಿಗೆ ಚಿಹ್ನೆ ಬೇಕಿಲ್ಲ. ‘ಮೊಸ್’ ಸೇರಿದಾಗ ಮಾತ್ರ ಅದೇ ‘ತಾ’ ಕೊನೆಯಿಂದ ಮೂರನೆಯದಾಗುತ್ತದೆ, ಅಂಥ ಪದಗಳಿಗೆ ಚಿಹ್ನೆ ಕಡ್ಡಾಯ. ಈ ಭಾಷೆಗಳ ಮೂಲವಾದ ಲ್ಯಾಟಿನ್‌ನಲ್ಲಿ ಇದೇ ರೂಪದ ಆಘಾತ ‘ಬಾ’ ಮೇಲಿತ್ತು, ಇಟಾಲಿಯನ್ ಇಂದಿಗೂ ಅಲ್ಲಿಯೇ ಇಟ್ಟುಕೊಂಡಿದೆ. ಆದರೆ ಸ್ಪ್ಯಾನಿಷ್ ಉಳಿದ ರೂಪಗಳಿಗೆ ಸರಿಹೊಂದುವಂತೆ ಅದನ್ನು ಹಿಂದಕ್ಕೆ ಸರಿಸಿತು, ಪೋರ್ಚುಗೀಸ್ ಕೂಡ ಹಾಗೆಯೇ ಮಾಡಿತು.